ಎರಡನೆಯ ಸೀಲು

ತನ್ನ ಕಾರ್ಡನ್ನು, ತನ್ನ ಪಿನ್ ನಂಬರನ್ನು ಇನ್ನೊಬ್ಬರಿಗೆ ಕೊಡಬಾರದು. ಹೆಂಡತಿಗೂ ಕೊಡಬಾರದು, ಅಧ್ಯಕ್ಷನಿಗೂ ಕೊಡಬಾರದು. ನೀರು ಬಳಕೆದಾರರ ಸಂಘದ ಗೋಡೆಯ ಮೇಲೆ ಇದನ್ನು ಕೆಂಪು ಬಣ್ಣದಲ್ಲಿ ಬರೆಸಿದ್ದರು. ಆ ಗೋಡೆಗೆ ಬೆನ್ನು ಕೊಟ್ಟು ಕೂತೇ ಎಲ್ಲರೂ ಅದನ್ನು ಮುರಿದರು. ಒಬ್ಬರೂ ಉಳಿಯಲಿಲ್ಲ. ನಸ್ರೀನಳೂ ಮುರಿದಳು.

ಈ ನಸ್ರೀನ್ ನಮ್ಮ ನೆರೆಮನೆಯವಳು, ಸಂಘದ ಕಂಪ್ಯೂಟರ್ ನೋಡಿಕೊಳ್ಳುವವಳು. ಆಕೆಗೆ ಆದದ್ದನ್ನು ಆದ ಹಾಗೇ ಹೇಳುತ್ತೇನೆ. ಸೇರಿಸುವುದಿಲ್ಲ, ಬಿಡುವುದೂ ಇಲ್ಲ.

ಆ ರಾತ್ರಿ ಇಶಾ ನಮಾಜು ಮುಗಿದು ಬಹಳ ಹೊತ್ತಾಗಿತ್ತು. ಗೊರೇಬಾಳದ ಆಚೆ, ಕಾಲುವೆಯ ಏರಿಯ ಮೇಲೆ ಆಕೆ ಒಬ್ಬಳೇ ಮನೆಗೆ ಹೊರಟಿದ್ದಳು. ಸ್ಕೂಟಿ ಪಂಕ್ಚರಾಗಿ ಆಫೀಸಿನ ಮುಂದೆ ನಿಂತಿತ್ತು. ಒಂದು ಕಡೆ ಭತ್ತದ ಗದ್ದೆ. ಇನ್ನೊಂದು ಕಡೆ ಹಾಳುಬಿದ್ದ ಬಾವಿ. ಗದ್ದೆಯ ತುಂಬ ಕಪ್ಪೆಗಳ ಕೂಗು... ವಟರ್, ವಟರ್, ವಟರ್... ಬಾವಿಯ ಹತ್ತಿರ ಬಂದದ್ದೇ ತಡ, ನಿಂತುಬಿಟ್ಟಿತು. ಅಷ್ಟೂ ಕಪ್ಪೆ, ಒಮ್ಮೆಗೇ.

ಆಗ ಫೋನು ಗುರ್ ಎಂದಿತು. ಸಂಘದ ಅಧ್ಯಕ್ಷ ಲಾಲಪ್ಪ.

"ಎಲ್ಲಿದ್ದೀ ಬೇ ನಸ್ರೀನಾ?"

"ಮನೀಗೆ ಹೊಂಟೀನ್ರೀ."

"ವಾಪಸ್ ಹೋಗು. ನಮ್ಮ ಕಡೀ ಗೇಟು ಎತ್ತು. ಗದ್ದಿ ಬಿರುಕು ಬಿಟ್ಟಾವ."

"ಇವತ್ತು ನಿಮ್ಮ ಪಾಳಿ ಇಲ್ಲಲ್ರೀ. ಕೆಳಗಿನವರ ಪಾಳಿ ಐತಿ."

"ಅದಕ್ಕs ಹೇಳಾಕತ್ತೀನಿ. ನನ್ನ ಕಾರ್ಡು ಹಾಕಬ್ಯಾಡ. ಮೌಲಾಂದು ಹಾಕು."

ನಸ್ರೀನ್ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.

"ಏನ್ ಬೇ, ಬಾಯಿ ಬಿದ್ದೈತೇನು? ಸತ್ತಾವನ ಮ್ಯಾಲ ಯಾರು ಕೇಸ್ ಹಾಕ್ತಾರ?" ನಕ್ಕ. ನಗುತ್ತಲೇ ಫೋನು ಇಟ್ಟ.

ಆಕೆ ತಿರುಗಿ ನಡೆದಳು. ಹಿಂದೆಯೂ ಹೀಗೆ ತಿರುಗಿ ನಡೆದಿದ್ದಳು. ಅದೇನು ಮೊದಲನೆಯ ಸಲವಲ್ಲ.

ಈ ಗೇಟಿನ ಹಿಂದಿನ ಮಾತು ಸ್ವಲ್ಪ ಕೇಳಿಬಿಡಿ. ಮೊದಲು ಅದನ್ನು ಕೈಯಿಂದ ಚಕ್ರ ತಿರುಗಿಸಿ ಎತ್ತುತ್ತಿದ್ದರು. ರಾತ್ರಿ ಕಳ್ಳತನದಿಂದ ಯಾರು ಎತ್ತಿದರು ಎಂದು ತಿಳಿಯುತ್ತಿರಲಿಲ್ಲ. ಬೆಳಗಾದರೆ ಜಗಳ, ಒಮ್ಮೊಮ್ಮೆ ತಲೆ ಒಡೆಯುವ ತನಕ. ಅದಕ್ಕೇ ಮೋಟಾರು ಹಾಕಿಸಿ ಕಂಪ್ಯೂಟರಿಗೆ ಕೂಡಿಸಿದರು. ಸಿಂಧನೂರಿನ ಎಂಜಿನಿಯರ್ ಪವನ ಬಂದು ಎಲ್ಲ ಮಾಡಿಕೊಟ್ಟ. ಗೇಟು ಎತ್ತುವ ಆಜ್ಞೆ ಆಫೀಸಿನಿಂದ ಲಿಂಗಸೂಗೂರಿನ ಸರ್ವರಿಗೆ ಹೋಗಿ, ಅಲ್ಲಿಂದ ಗೇಟಿಗೆ ಬರುತ್ತದೆ. ದಾರಿಯುದ್ದಕ್ಕೂ ಗೂಢಲಿಪಿಯಲ್ಲಿ ಇರುತ್ತದೆ. ನಡುವೆ ಕದ್ದು ನೋಡಿದವನಿಗೆ ಬರೀ ಕಸ ಕಾಣುತ್ತದೆ. ಒಂದು ಅಕ್ಷರ ತಿದ್ದಿದರೂ ಗೇಟು ಅದನ್ನು ಒಪ್ಪುವುದಿಲ್ಲ. ಪ್ರತಿ ಆಜ್ಞೆಯ ಮೇಲೆ ಕೊಟ್ಟವನ ಸೀಲು ಬೀಳಬೇಕು. ಆ ಸೀಲಿನ ಗುಟ್ಟು ಇರುವುದು ಕಾರ್ಡಿನ ಮೇಲಿನ ಬಂಗಾರದ ಬಣ್ಣದ ಚಿಪ್ಪಿನೊಳಗೆ. ಅದು ಅಲ್ಲಿಂದ ಹೊರಗೆ ಬರುವುದೇ ಇಲ್ಲ. ಕಾರ್ಡು ತಯಾರಿಸಿದವನಿಗೂ ತಿಳಿಯದು.

"ಈ ಗಣಿತ ಮುರಿಯಾಕ ಯಾರಿಂದನೂ ಆಗಂಗಿಲ್ರೀ," ಎಂದಿದ್ದ ಪವನ. "ಲೆಕ್ಕ ಹಾಕ್ಕೋತ ಕುಂತ್ರ ಸೂರ್ಯ ಆರಿಹೋಗ್ತಾನ. ಆದ್ರ ಕಾರ್ಡೇ ಕೈಯಾಗ ಕೊಟ್ರ, ಪಾಪ, ಗಣಿತ ಏನು ಮಾಡೀತು?"

ಎಲ್ಲರೂ ತಲೆಯಾಡಿಸಿದರು. ಆಮೇಲೆ ಎಲ್ಲರ ಕಾರ್ಡೂ ಒಂದು ಬಿಸ್ಕೀಟಿನ ಡಬ್ಬಿಗೆ ಬಿದ್ದವು. ಯಾರೋ ಮದುವೆಗೆ ಹೋದಾರು, ಯಾರೋ ಮಸ್ಕಿ ಸಂತೆಗೆ ಹೋದಾರು, ಕೆಲಸ ನಿಲ್ಲಬಾರದಲ್ಲ. ನಸ್ರೀನಳೇ ಡಬ್ಬಿ ತಂದಿಟ್ಟವಳು. ಪಿನ್ನೂ ಎಲ್ಲರದ್ದು ಒಂದೇ: ಲಾಲಪ್ಪನ ಬುಲೆಟ್ ಗಾಡಿಯ ನಂಬರು. ಊರಿನ ಹುಡುಗರಿಗೆಲ್ಲ ಬಾಯಿಪಾಠ.

ಮೌಲಾಸಾಬ ಗೇಟು ಕಾಯುವವ. ಓದು ಬಾರದ ಮುದುಕ. ಆತನದು ಒಂದೇ ಪದ್ಧತಿ. ಆಫೀಸಿನ ಮುಂದೆ, ಗೇಟಿನ ಪಕ್ಕದ ಆಲದ ಕೊಂಬೆಗೆ ತಂತಿಯಿಂದ ಒಂದು ರೈಲು ಹಳಿಯ ತುಂಡು ತೂಗುಹಾಕಿದ್ದ. ಗೇಟು ಎತ್ತುವ ಮುಂಚೆ ನಟ್ಟು ಬಿಗಿಯುವ ದೊಡ್ಡ ಪಾನಾದಿಂದ ಅದನ್ನು ಮೂರು ಸಲ ಬಡಿಯುತ್ತಿದ್ದ. ಠಣ್... ಠಣ್... ಠಣ್. ಕೆಳಗಿನ ಕಾಲುವೆಯಲ್ಲಿ ದನ ಮೈತೊಳೆಯುವವರು, ಬಟ್ಟೆ ಒಗೆಯುವವರು ಮೇಲೆ ಹತ್ತಲಿ ಎಂದು. ಮೋಟಾರು ಬಂದ ಮೇಲೂ ಬಿಡಲಿಲ್ಲ. "ಮಿಷನ್ನಿಗೆ ಕಣ್ಣಿಲ್ಲೋ," ಅನ್ನುತ್ತಿದ್ದ.

ಒಂದು ಮಧ್ಯಾಹ್ನ ಆತ ಗೇಟಿನ ಕೆಳಗೆ ಇಳಿದು ಸಿಕ್ಕಿಕೊಂಡ ಕಸ ತೆಗೆಯುತ್ತಿದ್ದ. ಆಗ ಗೇಟು ಎದ್ದಿತು. ಹಳಿ ಯಾರೂ ಬಡಿದಿರಲಿಲ್ಲ. ಹೆಣ ಎರಡು ಮೈಲಿ ಕೆಳಗೆ ಸಿಕ್ಕಿತು.

ಕಂಪ್ಯೂಟರಿನಲ್ಲಿ ನೋಡಿದರೆ... ಗೇಟು ಎತ್ತಿದ ಆಜ್ಞೆಯ ಮೇಲೆ ಬಿದ್ದಿದ್ದು ಮೌಲಾಸಾಬನದೇ ಸೀಲು.

ನೀರಿನೊಳಗೆ ನಿಂತ ಮನುಷ್ಯ ಆಫೀಸಿನಲ್ಲಿ ಸೀಲು ಒತ್ತಿದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಡಬ್ಬಿಯ ಮಾತು ಬರುತ್ತದೆ. ಡಬ್ಬಿಯ ಮಾತು ಬಂದರೆ ಎಲ್ಲರ ಕೈಯೂ ಅದರೊಳಗೆ ಇದೆ. ನಸ್ರೀನ್ ಅವತ್ತು ಪಾಮನಕಲ್ಲೂರಿನಲ್ಲಿ ತಾಯಿಯ ಮನೆಯಲ್ಲಿದ್ದಳು. ಯಾರು ಒತ್ತಿದರೋ ಆಕೆಗೂ ಗೊತ್ತಿಲ್ಲ, ಇವತ್ತಿಗೂ ಗೊತ್ತಿಲ್ಲ. ಊರವರು ತಮಗೆ ಬೇಕಾದ್ದನ್ನು ಅಂದುಕೊಂಡರು. ಮುದುಕ ತಾನೇ ಒತ್ತಿ, ತಾನೇ ಓಡಿಹೋಗಿ ಕೆಳಗೆ ನಿಂತ... ಖುದ್‌ಕುಶಿ, ಆತ್ಮಹತ್ಯೆ. ಅದು ಹರಾಮ್, ಧರ್ಮ ಒಪ್ಪದ ಸಾವು. ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆಗೆ ಹಾಸಿದ ಚಾಪೆ ಖಾಲಿ ಉಳಿಯಿತು.

ಆತನ ಹೆಂಡತಿ ಕರೀಮಾಬಿ ದಿನಾ ರಾತ್ರಿ ಹೊಸ್ತಿಲಲ್ಲಿ ಕೂತು ನಸ್ರೀನಳ ದಾರಿ ಕಾಯುತ್ತಿದ್ದಳು. ದಿನಾ ಅದೇ ಪ್ರಶ್ನೆ.

"ಕಂಪ್ಯೂಟರಿನಾಗ ಇನ್ನೂ ಹಂಗs ಐತೇನ್ ಬೇಟಿ? ಅವರೇ ಒತ್ಯಾರಂತ?"

"ಹಂಗs ಐತಿ ಚಾಚೀ."

ಸತ್ತವನ ಕಾರ್ಡನ್ನು ಕೂಡಲೇ ರದ್ದು ಮಾಡಬೇಕು. ಅದಕ್ಕೆ ಇಬ್ಬರ ಸೀಲು ಬೇಕು. ಯಾರೂ ಒತ್ತಲಿಲ್ಲ. ಪಾಳಿ ತಪ್ಪಿಸಿ ನೀರು ಬಿಡಲು ಸತ್ತವನ ಹೆಸರಿಗಿಂತ ಒಳ್ಳೆಯ ಹೆಸರು ಯಾವುದು? ಹಳಿಯ ಸದ್ದು ಊರಿಗೆ ಗೊತ್ತುಮಾಡುತ್ತದೆ ಎಂದು ಲಾಲಪ್ಪ ಅದನ್ನೂ ಆಲದಿಂದ ಇಳಿಸಿ ಆಫೀಸಿನ ಮೇಜಿನ ಕೆಳಗೆ ಹಾಕಿಸಿದ. ಪಾನಾ ಅಂತೂ ಮುದುಕನ ಜೊತೆ ನೀರಿಗೆ ಹೋಗಿತ್ತು. ಸಿಗಲೇ ಇಲ್ಲ.

ನಸ್ರೀನ್ ಬೀಗ ತೆಗೆದಳು. ದೀಪ ಹಾಕಿದಳು. ಡಬ್ಬಿಯ ಮುಚ್ಚಳ ಕಟಕ್ ಎಂದಿತು. ಮೌಲಾಸಾಬನ ಕಾರ್ಡು ಎಲ್ಲಕ್ಕಿಂತ ಮೇಲೆ ಇತ್ತು. ಹೋದ ಸಲ ತಾನೇ ಅದನ್ನು ಎಲ್ಲಕ್ಕಿಂತ ಕೆಳಗೆ ಇಟ್ಟ ನೆನಪು... ಇರಲಿ. ಕಾರ್ಡು ತೂರಿಸಿದಳು. ಲಾಲಪ್ಪನ ಗಾಡಿಯ ನಂಬರು ಒತ್ತಿದಳು. ಟಪ್, ಟಪ್, ಟಪ್, ಟಪ್. ಪರದೆಯ ಮೇಲೆ ಅಕ್ಷರ ಮೂಡಿತು: ಗೇಟು ಎತ್ತಬೇಕೆ?

ಬೆರಳು ಗುಂಡಿಯ ಮೇಲೆ ಹೋಯಿತು.

ಠಣ್...

ಹೊರಗೆ. ಆಲದ ಕಡೆಯಿಂದ.

ಬೆರಳು ಅಲ್ಲೇ ನಿಂತಿತು. ಫ್ಯಾನು ಕಿರ್... ಕಿರ್... ಎನ್ನುತ್ತಿತ್ತು. ಬೇರೆ ಸದ್ದಿಲ್ಲ.

ಠಣ್...

ನಿಧಾನ. ಯಾರಿಗೂ ಅವಸರವಿಲ್ಲದ ಹಾಗೆ. ಎರಡು ಪೆಟ್ಟಿನ ನಡುವೆ ಮುದುಕ ಒಮ್ಮೆ ಕೆಮ್ಮುತ್ತಿದ್ದ, ಆಕೆಗೆ ನೆನಪಿತ್ತು. ಕೆಮ್ಮೂ ಕೇಳಿತು. ಖೊಹ್... ಖೊಹ್...

ಠಣ್.

ಆಕೆಯ ಕಾಲಿಗೆ ಏನೋ ತಾಗಿತು. ಬಗ್ಗಿ ನೋಡಿದಳು. ಮೇಜಿನ ಕೆಳಗೆ ಅದೇ ಹಳಿಯ ತುಂಡು, ಧೂಳು ಹಿಡಿದು ಬಿದ್ದಲ್ಲೇ ಬಿದ್ದಿತ್ತು. ಮುಟ್ಟಿದಳು. ಹಳಿ ನಡುಗುತ್ತಿತ್ತು. ಈಗಷ್ಟೇ ಬಡಿದ ಗಂಟೆ ನಡುಗುವ ಹಾಗೆ. ಗುಂಯ್ಞ್... ಎನ್ನುತ್ತ ಬೆರಳಿನ ಕೆಳಗೆ ಮೆಲ್ಲಗೆ ಆರಿತು.

ಕಾರ್ಡು ಕಿತ್ತುಕೊಂಡು ಹೊರಗೆ ಬಂದಳು. ಮೊಬೈಲಿನ ಬೆಳಕು ಬಿಟ್ಟಳು. ಆಲದ ಕೆಳಗೆ ಯಾರೂ ಇಲ್ಲ. ಕೊಂಬೆಯಿಂದ ಬರೀ ತಂತಿ ಜೋತಾಡುತ್ತಿತ್ತು. ಗಾಳಿಯಿರಲಿಲ್ಲ.

ಗೇಟಿನ ಕೆಳಗೆ ಪಚ್... ಪಚ್... ಎಂದು ಕೆಸರು ತುಳಿಯುವ ಸದ್ದು. ಯಾರೋ ಏದುಸಿರು ಬಿಡುತ್ತ ದಡ ಹತ್ತುತ್ತಿದ್ದರು. ಮೊದಲು ಒಂದು ಬಲೆ ಮೇಲೆ ಬಂತು. ಆಮೇಲೆ ಒಂದು ಕೈ.

"ಯಾರs ಅದು?" ನಸ್ರೀನ್ ಬೆಳಕನ್ನು ಅತ್ತ ತಿರುಗಿಸಿದಳು.

"ನಾ... ನಾ ಪಕೀರಪ್ಪ. ನೀ ಯಾರವ್ವಾ? ಮನಿಶ್ಯಾಳೋ, ದೆವ್ವೋ?"

"ನಿಮ್ಮಪ್ಪನ ದೆವ್ವ! ಇಷ್ಟೊತ್ತಿನಾಗ ಅಲ್ಲೇನು ಮಾಡಾಕತ್ತೀ ಕಾಕಾ?"

"ಕುಣ್ಯಾಗ ಎರಡು ಮೀನ ಉಳದಿದ್ದವು..." ಪಕೀರಪ್ಪ ಬಲೆಯನ್ನು ದಡಕ್ಕೆ ಎಳೆದುಕೊಂಡ. "ಛಲೋ ಮಾಡಿದಿ ತಾಯೀ, ಹಳಿ ಬಡದಿ. ಇಲ್ಲಂದ್ರ ನಾನೂ ಮೌಲಾನ ಹಾದೀನs ಹಿಡೀತಿದ್ದೆ."

"ನಾ ಬಡದಿಲ್ಲ."

"ಮತ್ತ ಯಾರು ಬಡದ್ರು?"

"ಹಳಿ ಆಫೀಸಿನಾಗ ಐತಿ, ಕಾಕಾ. ಮೇಜಿನ ಕೆಳಗ."

ಪಕೀರಪ್ಪ ಆಲದ ಕೊಂಬೆಯನ್ನು ನೋಡಿದ. ತಂತಿಯನ್ನು ನೋಡಿದ. ಬಲೆಯಲ್ಲಿದ್ದ ಮೀನನ್ನು ಕಾಲುವೆಗೆ ಸುರಿದ.

ನಸ್ರೀನ್ ಒಳಗೆ ಹೋಗಿ ಲಾಲಪ್ಪನಿಗೆ ಫೋನು ಹಚ್ಚಿದಳು.

"ಎದ್ದೈತೇನು ಗೇಟು?"

"ಇಲ್ರೀ. ನಾ ಎತ್ತಂಗಿಲ್ಲ. ಕೆಳಗ ಪಕೀರಪ್ಪ ಕಾಕಾ ಇದ್ದ. ಸ್ವಲ್ಪರಾಗ ಸಾಯ್ತಿದ್ದ."

"ಆತು, ಈಗ ಮ್ಯಾಲ ಬಂದಾನಲ್ಲ? ಎತ್ತು."

"ಮೌಲಾಚಾಚಾನ ಕಾರ್ಡು ರದ್ದು ಮಾಡಾಕತ್ತೀನ್ರೀ. ನನ್ನ ಸೀಲು ಹಾಕ್ತೀನಿ. ಎರಡನೇದು ನೀವು ಬಂದು ಹಾಕ್ರಿ."

"ತಲಿ ಕೆಟ್ಟೈತೇನ್ ಬೇ ನಿಂದು? ನಾಳಿಂದ ಕೆಲಸಕ್ಕ ಬರಬ್ಯಾಡ."

"ಬರಲ್ರೀ. ಆದ್ರ ನಾಳೆ ಮಂದಿ ಮುಂದ ಒಂದs ಮಾತು ಕೇಳ್ತೀನಿ. ಚಾಚಾನ್ನ ಮಣ್ಣು ಮಾಡಿದ ಮ್ಯಾಲೂ ಅವನ ಸೀಲಿನಾಗ ಗೇಟು ಎದ್ದೈತಿ. ಕಬರಸ್ತಾನದಿಂದ ಎದ್ದು ಬಂದು ಒತ್ತಿದ್ನೇನ್ರೀ? ನಾ ಒತ್ತೀನಿ, ನಿಮ್ಮ ಮಾತು ಕೇಳಿ. ಹಂಗಾದ್ರ ಅವತ್ತು ಒತ್ತಿದ್ದು ಅವನs ಅಂತ ಯಾವ ಬಾಯಿಲೆ ಅಂತೀರಿ?"

ಲಾಲಪ್ಪ ಫೋನು ಇಟ್ಟ.

ಮೇಜಿನ ಖಾನೆಯಿಂದ ಕತ್ತರಿ ತೆಗೆದಳು. ಮೌಲಾಸಾಬನ ಕಾರ್ಡನ್ನು ಬಂಗಾರದ ಬಣ್ಣದ ಚಿಪ್ಪಿನ ನಟ್ಟನಡುವೆ ಕತ್ತರಿಸಿದಳು. ಕರಕ್. ಎರಡೂ ತುಂಡನ್ನು ದುಪಟ್ಟಾದ ಸೆರಗಿಗೆ ಗಂಟು ಕಟ್ಟಿಕೊಂಡಳು. ಕಾರ್ಡು ಕತ್ತರಿಸಿದರೆ ಸಾಲದು. ಸರ್ವರಿನಲ್ಲಿ ಆ ಹೆಸರೂ ಸಾಯಬೇಕು. ಇಲ್ಲವಾದರೆ ನಾಳೆ ಲಾಲಪ್ಪ ಅದೇ ಹೆಸರಿಗೆ ಇನ್ನೊಂದು ಕಾರ್ಡು ತರಿಸುತ್ತಾನೆ. ತನ್ನ ಕಾರ್ಡು ತೂರಿಸಿ ಮೊದಲು ಪಿನ್ನು ಬದಲಿಸಿದಳು. ಆಮೇಲೆ ರದ್ದಿನ ಆಜ್ಞೆಗೆ ಸೀಲು ಒತ್ತಿದಳು. ಪರದೆಯ ಮೇಲೆ ಬಂತು: ಎರಡನೆಯ ಸೀಲು ಬಾಕಿ.

ಡಬ್ಬಿ ಪಕ್ಕದಲ್ಲೇ ತೆರೆದಿತ್ತು. ಉಳಿದವರ ಕಾರ್ಡುಗಳೆಲ್ಲ ಒಳಗೇ ಇದ್ದವು. ಲಾಲಪ್ಪನದೂ ಇತ್ತು. ಪಿನ್ನು ಗೊತ್ತಿತ್ತು. ಒಂದು ಕಾರ್ಡು ತೂರಿಸಿ ನಾಲ್ಕು ಅಂಕಿ ಒತ್ತಿದರೆ ಮುಗಿಯಿತು. ಒಳ್ಳೆಯ ಕೆಲಸಕ್ಕೇ ಅಲ್ಲವೇ? ಕೈ ಡಬ್ಬಿಯೊಳಗೆ ಹೋಯಿತು... ಬೆರಳಿಗೆ ಒಂದು ಕಾರ್ಡಿನ ಅಂಚು ತಾಗಿತು.

ಆ ಮಧ್ಯಾಹ್ನ ಯಾರದೋ ಕೈಯೂ ಹೀಗೇ ಇಳಿದಿತ್ತು. ಅವರಿಗೂ ಅದು ಒಳ್ಳೆಯ ಕೆಲಸವೇ ಆಗಿತ್ತೇನೋ.

ನಸ್ರೀನ್ ಕೈ ಹಿಂದಕ್ಕೆ ತೆಗೆದಳು. ಮುಚ್ಚಳ ಹಾಕಿದಳು. ಆಜ್ಞೆಯನ್ನು ಅರ್ಧಕ್ಕೇ ಬಿಟ್ಟು, ಬೀಗ ಜಡಿದು, ಪಕೀರಪ್ಪನ ಜೊತೆ ಏರಿಯ ಮೇಲೆ ನಡೆದಳು. ಬಾವಿ ದಾಟುವಾಗ ಕಪ್ಪೆಗಳು ಕೂಗುತ್ತಲೇ ಇದ್ದವು.

ಹೊಸ್ತಿಲಲ್ಲಿ ಕರೀಮಾಬಿ ಕೂತಿದ್ದಳು.

"ಇನ್ನೂ ಹಂಗs ಐತೇನ್ ಬೇಟಿ?"

"ಇವತ್ತು ಹಂಗs ಐತಿ ಚಾಚೀ. ನಾಳೆ ಮಂದಿ ಮುಂದ ನಾ ಬಾಯಿ ಬಿಡ್ತೀನಿ."

ಮುದುಕಿ ಆಕೆಯ ಕೈ ಹಿಡಿದಳು. ಬಿಡಲಿಲ್ಲ.

ಬೆಳಗಾಗುತ್ತಲೇ ಪವನ ಸಿಂಧನೂರಿನಿಂದ ಬೈಕಿನಲ್ಲಿ ಬಂದ. ಲಾಲಪ್ಪನೇ ಕರೆಸಿದ್ದ, ಈ ಹುಡುಗಿ ಮಿಷನ್ ಕೆಡಿಸಿದ್ದಾಳೆಂದು. ಕರೀಮಾಬಿ ಬಂದಳು, ಪಕೀರಪ್ಪ ಬಂದ, ಊರಿನ ಮಂದಿ ಬಾಗಿಲಲ್ಲಿ ಸೇರಿದರು. ನಸ್ರೀನ್ ಆಡುವುದನ್ನೆಲ್ಲ ಆಡಿದಳು: ಡಬ್ಬಿ, ಪಿನ್ನು, ತಾನು ಒತ್ತಿದ ಸೀಲುಗಳು. ಲಾಲಪ್ಪ ತನ್ನ ಚಪ್ಪಲಿ ನೋಡುತ್ತ ನಿಂತಿದ್ದ. ಪವನ ಮಾತ್ರ ಏನೂ ಕೇಳಿಸಿಕೊಳ್ಳದವನ ಹಾಗೆ ಪರದೆಯನ್ನೇ ನೋಡುತ್ತಿದ್ದ.

"ಎರಡನೇ ಸೀಲೂ ಬಿದ್ದೈತಲ್ಲವ್ವಾ," ಎಂದ ಕೊನೆಗೆ. "ನಸುಕಿನ ಫಜರ್ ಆಜಾನಿಗಿಂತ ಸ್ವಲ್ಪ ಮುಂಚೆ. ಕಾರ್ಡು ರದ್ದಾಗೇತಿ."

"ಯಾರದು? ಅಧ್ಯಕ್ಷರದೇನ್ರೀ?" ಎಂದಳು ನಸ್ರೀನ್.

"ನಂದಲ್ಲಪಾ! ನಾ ಮಲಗಿದ್ದೆ," ಎಂದ ಲಾಲಪ್ಪ.

ಪವನ ಮತ್ತೊಮ್ಮೆ ತಾಳೆ ನೋಡಿದ. ಲಿಂಗಸೂಗೂರಿಗೆ ಫೋನು ಮಾಡಿ ಅಲ್ಲಿಯೂ ನೋಡಿಸಿದ. ಗಣಿತದಲ್ಲಿ ತಪ್ಪಿರಲಿಲ್ಲ. ಸೀಲು ಖರೆ. ಆಮೇಲೆ ಆತ ತೀರಾ ಮೆಲ್ಲಗೆ ಕೇಳಿದ, "ಮುದುಕನ ಕಾರ್ಡು ಎಲ್ಲೈತಿ?"

ನಸ್ರೀನ್ ದುಪಟ್ಟಾದ ಗಂಟು ಬಿಚ್ಚಿದಳು. ಎರಡು ತುಂಡು ಮೇಜಿನ ಮೇಲೆ ಬಿದ್ದವು. ಟಿಕ್... ಟಿಕ್.

ನಂಬದವರು ನಂಬಬೇಡಿ. ನಡೆದದ್ದು ನಡೆದಿದೆ. ಆ ಸಾಲು ಇವತ್ತಿಗೂ ಆ ಕಂಪ್ಯೂಟರಿನಲ್ಲಿದೆ, ಅಳಿಸಲು ಬರುವುದಿಲ್ಲ. ಕರೀಮಾಬಿಗೆ ಓದು ಬಾರದು. ಅದಕ್ಕೆ ನಸ್ರೀನಳೇ ಪರದೆಯ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ತೋರಿಸಿ ಓದಿ ಹೇಳಿದಳು: ಮೌಲಾಸಾಬನ ಕಾರ್ಡು ರದ್ದು. ಮೊದಲ ಸೀಲು, ನಸ್ರೀನ್. ಎರಡನೆಯ ಸೀಲು, ಮೌಲಾಸಾಬ್.