ಗಿಡ ನಂದು, ನೆಲ ಅಣ್ಣಂದು

...ಬಗ್ಗು, ಬಗ್ಗು! ತಲಿ ಬಡೀತೈತಿ. ಬಡಿಗ್ಯಾ ಗೋಣೆಪ್ಪ ಬಾಗಲಾ ಗಿಡ್ಡ ಇಟ್ಟಾನ. ‘ಒಳಗ ಬರಾವ್ರು ಬಗ್ಗೇ ಬರಬೇಕು ಕುಬೇರಪ್ಪ, ಮರ್ಯಾದಿ’ ಅಂದ. ಹಾಂ, ಹಂಗ. ಕುಂಡ್ರು. ಕಣ್ಣ ಯಾಕ ಮುಚ್ಚೀದಿ ದ್ರಾಕ್ಷಾಯಣಿ? ಅಲುಗಾಡೂದು ಗಿಡಾ, ಬೀಳಂಗಿಲ್ಲ. ಗಾಳಿ ಬಿಟ್ರ ತೊಟ್ಟಿಲಾ ತೂಗಿದಂಗ! ಲಕ್ಷ್ಮೇಶ್ವರದಾಗ ನಿಮ್ಮಪ್ಪನ ಮನಿ ಹಿಂಗ ತೂಗತೈತೇನ?

ನಗಾಕ ಏನಾತು?... ನಗು, ನಗು. ಮುಂಗಾರಿಗೆ ತವರಿಗೆ ಹೋದಾಕಿ ಈಗ ಮುಖಾ ತೋರಿಸೀದಿ, ನಕ್ಕರ ನಕ್ಕಿ. ‘ನಮ್ಮದs ಅಂತ ಒಂದು ಸೂರು ಆದ ದಿನಾ ಹೇಳಿ ಕಳಸ್ರಿ, ಬರತೇನಿ’ ಅಂದಿದ್ದೆಲ್ಲ? ಆತ ನೋಡು. ಇದs ಸೂರು.

ಇಲ್ಲಿ ನೋಡು, ಮಂಚ. ಎತ್ತಿ ಕಟ್ಟಿದ್ರ ಗ್ವಾಡಿ, ಇಳಿಬಿಟ್ರ ಹಾಸಿಗಿ. ಇದು ಗೂಡು, ಕನ್ನಡಿ, ಹಣಿಗಿ. ನಿನ್ನ ಕುಂಕುಮದ ಭರಣಿಗೆ ಜಾಗಾ ಬಿಟ್ಟೇನಿ. ಒಲಿ ಕೆಳಗ ತಗಡು ಬಡಿಸಿ ಮಣ್ಣು ಮೆತ್ತಿಸೇನಿ, ಕಿಡಿ ಹಾರಿದ್ರೂ ಚಿಂತಿಲ್ಲ. ಪರದೆ ನಮ್ಮ ಕೈದs, ಕಡೀ ಸಲ ನೇಯ್ದದ್ದು. ಏನಂದಿ? ಹುಣಸಿಗಿಡದಾಗ ದೆವ್ವ ಇರತಾವಂತ ನಿಮ್ಮವ್ವ ಅಂದಳೇನ? ಇದ್ದುವು. ನನ್ನ ಗೊರಕಿ ಕೇಳಿ ಬೆಟಗೇರಿನs ಬಿಟ್ಟು ಹೋದುವು!

...ಅದನ್ಯಾಕ ಸವರತಿ? ಹೌದು. ಗುರುತ ಹಿಡದಿ. ನಮ್ಮ ಮಗ್ಗದ ಕಟ್ಟಿಗಿನs ಅದು. ಬಾಗಲಾ, ತೊಲಿ, ನೀ ಕುಂತ ಹಲಗಿ ಎಲ್ಲಾ ಮಗ್ಗದ್ದು. ಹಂಗ ನೋಡಬ್ಯಾಡ! ಪಂಚರ ಮುಂದ ಪಾಲು ಆದಾಗ ನಿಮ್ಮಪ್ಪನೂ ಇದ್ದ. ಮನಿ, ಹಿತ್ತಲದ ನೆಲಾ ಅಣ್ಣ ಪುಂಡಲೀಕಪ್ಪಗ. ಅಂವ ದುಡದು ಕಟ್ಟಿಸಿದ್ದು, ಖರೆ. ನನಗ ಒಂದು ಮಗ್ಗಾ, ಈ ಹುಣಸಿಗಿಡಾ. ಮಗ್ಗಕ್ಕ ಕುಣಿ ಬೇಕು, ಕುಣಿಯಾಗ ಕಾಲು ಇಳಿಬಿಟ್ಟು ಕುಂಡ್ರಬೇಕು. ನನ್ನ ಪಾಲಿಗೆ ನೆಲಾ ಎಲ್ಲೈತಿ? ಗಾಳ್ಯಾಗ ತೋಡಲೇನ ಕುಣೀನ?

ಬಿಡು. ಸುಖದ ಮಾತು ಆಡೂಣು. ಮೊನ್ನೆ ನಮ್ಮ ರಾಜ್ಯ ಒಂದಾದ ದಿನಾ ಮೆರವಣಿಗಿ ಹೋತು ನೋಡು! ಬಾಜಾ ಏನು, ಭಜಂತ್ರಿ ಏನು! ಮುಂಬೈ ಕಡ್ಯಾವ್ರು, ಹೈದರಾಬಾದ ಕಡ್ಯಾವ್ರು, ಕನ್ನಡ ಮಂದಿಯೆಲ್ಲಾ ಇನ್ನ ಒಂದs ಮನಿಯಾವ್ರಂತ. ಎಲ್ಲಾರ ಮುಂದ ಧ್ವಜಾ ಹಿಡಕೊಂಡು ಹೊಂಟಾಂವ ಯಾರು? ನಮ್ಮಣ್ಣ! ಅದನ್ನ ನನ್ನಷ್ಟು ಚಂದ ನೋಡಿದಾವ್ರು ಊರಾಗ ಇಲ್ಲ. ...ಹೌದು, ಇಲ್ಲಿಂದನ. ಸಕ್ಕರಿ? ಸಕ್ಕರಿ ಕೆಳಗ ಹಂಚಿದ್ರು.

ಯಾಕ ಇಳೀಲಿಲ್ಲ ಅಂತೀಯೇನು? ಮನಸ್ಸಾಗಲಿಲ್ಲ, ಇಳೀಲಿಲ್ಲ! ಮನಸ್ಸಾದಾಗ ಇಳೀತೇನಿ, ಮನಸ್ಸಾದಾಗ ಏರತೇನಿ. ಯಾರ ಹಂಗೈತಿ ನನಗ? ಊಟಾ ಬಾಜೂಮನಿ ಗೌಸಸಾಬ ಕೊಡತಾನ, ಹಗ್ಗಕ್ಕ ಬುಟ್ಟಿ ಕಟ್ಟಿ ಜಗ್ಗಿಕೊಂಡ್ರಾತು, ಸಾಹೇಬರ ಥಾಟು! ...ಮುಂಜಾನಿ ಕೆಲಸಕ್ಕ? ಥೂ, ಊಟದ ಮಾತಾಡೂವಾಗ ಅದನ್ನ ಕೇಳತಾರೇನ!

ಏನು, ನೀರಾ? ತಂಬಿಗಿ... ತಂಬಿಗ್ಯಾಗ ಇಲ್ಲ. ತಡಿ, ಗೌಸಸಾಬ ಮುಂಡರಗಿ ಸಂತಿಗೆ ಹೋಗ್ಯಾನ, ಬರಲಿ. ...ಬಾಂವಿ ಅಲ್ಲೇ ಐತಿ, ಕಾಣತೈತಿ, ನನಗೂ ಕಣ್ಣದಾವು. ಕೊಡಾ ನನ್ನ ಕಡೆ ಯಾಕ ಚಾಚತಿ? ಮೊಣಕಾಲು ಹಿಡದೈತಿ ನಂದು. ನಿನ್ನೆಯಿಂದ. ...ಮೊನ್ನೆಯಿಂದ. ಹಂಗ ನೋಡಬ್ಯಾಡಂತ ಹೇಳಿದೆನಿಲ್ಲೋ!

ಎಲ್ಲಿಗೆ? ಅಯ್, ಸಾವಕಾಶ! ನಿಚ್ಚಣಿಕಿ ಅಲಗತೈತಿ, ಸೆರಗು ಕಟ್ಟಿಕೊ... ಇಳದಿ? ಆತು, ನೀನs ಸೇದಿಕೊಂಡು ಬಾ.

...ಬಾಂವಿ ಆ ಕಡೆ ಐತಲೇ. ನಿನ್ನ ಬಟ್ಟಿ ಗಂಟ ಯಾಕ ಎತ್ತಿಕೊಂಡಿ? ಅದನ್ನ ಮ್ಯಾಲೆ ತರಲಿಲ್ಲಂತ ಆವಾಗಿಂದ ನೋಡೇ ನೋಡಾಕತ್ತೇನಿ. ಏನು, ಗಿಡದ ಬುಡಕ ಗರುಡಗಂಬಾ ನಿಂತಂಗ ನಿಂತಿ? ಏನರ ಅನ್ನು.

ಅಣ್ಣನ ಮನಿ ಹಾದು ಬಂದಿ, ವೈನಿ ಹೇಳ್ಯಾಳಲ್ಲ ನಿನಗ? ಹೇಳ್ಯಾಳ, ಬಾಗಲಾ ತಗದಾಕಿ ಆಕಿನs. ಹೌದು, ಆಣಿ ಮಾಡೇನಿ! ‘ಗಿಡ ನಿಂದು, ನೆಲ ನಂದು, ಏರಾಕ ಇಳಿಯಾಕ ನನ್ನ ಕೇಳಬೇಕು’ ಅಂದ ಅಣ್ಣ. ನಾನೂ ಅಂದೆ. ಓಣಿ ಮಂದಿ ಎದುರಿಗೆ ಅಂದೆ, ‘ಈ ನೆಲಾ ತುಳಿದ್ರ ನಾ ಅಪ್ಪಗ ಹುಟ್ಟಿದಾಂವ ಅಲ್ಲ.’ ಸಿಟ್ಟಿನ್ಯಾಗ ಬಂತು. ಇಲ್ಲಿ ಕುಂತಮ್ಯಾಲೆ ತಿಳೀತು, ನಾಲಿಗಿಗೆ ನಿಚ್ಚಣಿಕಿ ಇರಂಗಿಲ್ಲಂತ.

ಯಾರರ ಒಬ್ರು ‘ಇಳದ ಬಾರೋ’ ಅಂತಾರಂತ ಮಾಡಿದ್ದೆ. ಹಿತ್ತಲ ಬಾಗಲಾ ಕಿರ್ರ್ ಅಂದಾಗೊಮ್ಮೆ ಎದ್ದು ಕುಂಡ್ರತೇನಿ. ಅಣ್ಣ ಬರತಾನ, ಬಾಂವಿ ನೀರು ಸೇದತಾನ, ಹೋಗತಾನ. ತಲಿ ಎತ್ತಂಗಿಲ್ಲ.

ನೀ ಅನ್ನು. ಗೌಸಸಾಬನ ಕೈಲೆ ಖಬರ ಕಳಿಸಿದ್ದು ಸೂರಾತಂತ ಅಲ್ಲ ದ್ರಾಕ್ಷಾಯಣಿ. ‘ಇಳದ ಬರ್ರಿ’ ಅಂತ ಒಂದು ಮಾತು, ಓಣಿಗೆ ಕೇಳೂವಂಗ. ಹೆಂಡತಿ ಕರದಳು ಇಳದೆ ಅಂತೇನಿ. ನಿನ್ನ ಹಿಂದs ಲಕ್ಷ್ಮೇಶ್ವರಕ್ಕ ಬರತೇನಿ, ನಿಮ್ಮಪ್ಪನ ಮಗ್ಗದ ಕುಣಿಯಾಗ ಕುಂತು ನೇಯತೇನಿ.

ಅನ್ನಂಗಿಲ್ಲ? ನನ್ನ ಬಾಯಿಂದ ಕಟ್ಟಿಕೊಂಡದ್ದು ನನ್ನ ಬಾಯಿಂದನ ಬಿಚ್ಚಬೇಕೇನ?

ನಿಲ್ಲು... ಹೊರಳಬ್ಯಾಡ. ನೋಡು, ಕಾಲು ಇಟ್ಟೇನಿ. ಇನ್ನೊಂದೂ ಇಟ್ಟೆ... ಕಡೀ ಮೆಟ್ಟಲಾ ಇದು. ಇದರ ಕೆಳಗ ಅಂವನ ನೆಲಾ.

ಈಗರ ಅನ್ನು.