ಮಂಡಕ್ಕಿ ಅಂಗಡಿಯ ಕೊಸರು

ಸೆರಗಿನ ತುಂಬ ಹುರಿದ ಶೇಂಗಾ ಕಟ್ಟಿಕೊಂಡು ಚನ್ನಮಲ್ಲಮ್ಮ ದೇವದುರ್ಗದ ಬಸ್ ನಿಲ್ದಾಣದಲ್ಲಿ ತನ್ನೂರು ಗೂಗಲ್‌ಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಕಾಲೇಜಿನ ಹುಡುಗಿಯರಿಬ್ಬರು ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಶಶಿಕಲಾ ತನ್ನ ತಾಯಿಯ ಮಂಡಕ್ಕಿ ಅಂಗಡಿಯನ್ನೇ ಆನ್‌ಲೈನ್ ಅಂಗಡಿಯಾಗಿಸಿ ಕಾಲೇಜಿಗೆ ಒಪ್ಪಿಸಲು ಪ್ರೋಗ್ರಾಮ್ ಬರೆದಿದ್ದಳು. ಗೆಳತಿ ಉಮಾಶ್ರೀ ಅದನ್ನು ತಿದ್ದುತ್ತಿದ್ದಳು.

“ಗಿರಾಕಿಗೊಂದು ಕ್ಲಾಸು, ಸರಕಿಗೊಂದು, ಬುಟ್ಟಿಗೊಂದು. ಎಲ್ಲಾ ಬರೋಬರಿ ಅದ. ಅಂಗಡಿ ಕ್ಲಾಸಿನ್ಯಾಗ ಇದೇನಬೇ, ಕೊಸರು ಅಂತ ಫಂಕ್ಷನ್?”

“ಅಳತಿ ಆದ ಮ್ಯಾಲ ಅವ್ವ ಒಂದು ಹಿಡಿ ಹೆಚ್ಚಿಗಿ ಹಾಕ್ತಿದ್ಲಲ್ಲ, ಅದು.”

“ಒಳಗ ಏನೂ ಬರ್ದೇ ಇಲ್ಲ. ಒಂದು ಹಿಡಿ ಕೂಡಿಸು ಅಂತ ಬರಿ, ಮುಗೀತು.”

“ಎಲ್ಲಾರಿಗೂ ಒಂದಾ ಹಿಡಿ ಅಲ್ಲ. ಕೆಲವ್ರಿಗೆ ಬೊಗಸಿ ತುಂಬ ಹಾಕ್ತಿದ್ಲು.”

“ಯಾರಿಗೆ ಎಷ್ಟು?”

“ಮಾರಿ ನೋಡಿ ಹಾಕ್ತಿದ್ಲು. ಮುಖದಾಗ ಏನು ನೋಡ್ತಿದ್ಲೋ, ನಾ ಕೇಳ್ಲಿಲ್ಲ. ದವಾಖಾನ್ಯಾಗ ಕೇಳೋಣಂದ್ರ ಬಾಯಿ ಬಿದ್ದಿತ್ತು. ಮಾತಾಡಲಾರ್ದಾನ ಹೋದ್ಲು.”

ಉಮಾಶ್ರೀ ಕರ್ಸರನ್ನು ಆ ಖಾಲಿ ಸಾಲಿಗೆ ತಂದಿಟ್ಟಳು.

“ಖಾಲಿ ಫಂಕ್ಷನ್ ಇಟ್ರ ಸರ್ ಬೈತಾರ. ತಗದು ಹಾಕಲೇನು?”

“ನಿನ್ನಿ ತಗದು ನೋಡೀನಿ.”

“ಎರರ್ ಬಂತೇನು?”

“ಏನೂ ಬರ್ಲಿಲ್ಲ. ಅದಿಲ್ದಿದ್ರೂ ಅಂಗಡಿ ನಡೀತದ. ನನಗ ತಡೀಲಿಲ್ಲ, ವಾಪಸ್ ಇಟ್ಟೆ.”

ರಾಯಚೂರು ಬಸ್ಸು ಬಂದು ನಿಂತಿತು. ಉಮಾಶ್ರೀ ಏನನ್ನೂ ಅಳಿಸದೆ ಲ್ಯಾಪ್‌ಟಾಪ್ ಮುಚ್ಚಿದಳು. ಇಬ್ಬರೂ ಹತ್ತಿದರು. ಕಿಟಕಿಯ ಪಕ್ಕ ಕೂತ ಶಶಿಕಲಾಳ ಮುಖವನ್ನು ಚನ್ನಮಲ್ಲಮ್ಮ ನೋಡಿದಳು. ಸೆರಗಿನ ಗಂಟು ಬಿಚ್ಚಿ, ಶೇಂಗಾ ಬೊಗಸೆಯಲ್ಲಿ ತುಂಬಿಕೊಂಡು ಎದ್ದಳು. ಅಷ್ಟರಲ್ಲಿ ಬಸ್ಸು ಹೊರಟಿತ್ತು.