ಅಪ್ಪನ ಸರದಿ

ಆಸ್ಪತ್ರೆಯ ಬೆಂಚಿನ ಮೇಲೆ ಚೀಟಿ ಹಿಡಿದು ತೂಕಡಿಸುತ್ತಿದ್ದ ದರ್ಜಿ ಹೆಂಗಸಿನ ಕಿವಿ, ಪಕ್ಕದಲ್ಲಿ ಫೋನಿನ ಯುದ್ಧದಾಟ ನೋಡುತ್ತಿದ್ದ ಅಕ್ಕತಮ್ಮಂದಿರ ಮಾತಿಗೆ ನಿಮಿರಿತು.

“ಅಕ್ಕಾ, ಅಪ್ಪ ಗುಡ್ಡದ ಮೇಲೆ ತೋಪು ಹೂಡಿದಾರೆ! ಅವರ ಫೋನಲ್ಲಿ ನೀನೇನಾದ್ರೂ ಆಡಿದ್ಯಾ?”

“ಅಪ್ಪನಿಗೆ ಪ್ರಜ್ಞೆ ತಪ್ಪಿದಾಗಿಂದ ಅದು ಆಫಾಗಿ ನನ್ನ ಬ್ಯಾಗಲ್ಲೇ ಬಿದ್ದಿದೆ ಕಣೋ.”

“ತೋಪಿನ ಮುಂದೆ ಒಬ್ಬ ಕಾಲಾಳೂ ಇಲ್ಲ.”

“ಹಾಗಾದ್ರೆ ಅಪ್ಪನೇ. ಎಷ್ಟು ಸಲ ಸೋತ್ರೂ ಕಾವಲು ಇಡೋದು ಮರೀತಾರೆ.”

“ಈಗಲೇ ನುಗ್ಗಿದ್ರೆ ಅಪ್ಪನ ಆಟ ಮುಗೀತು. ಬಿಟ್ರೆ, ಮುಂದಿನ ಸರದಿಗೆ ತೋಪು ಸಿಡಿದು ನನ್ನ ಕೋಟೆ ಪುಡಿಪುಡಿ.”

“ಥೂ, ಅಪ್ಪನ ಆಟ ಮುಗೀತು ಅನ್ಬೇಡ! ಸರದಿ ಬಿಟ್ಕೊಡು.”

ತಮ್ಮನು ಪರದೆ ಒತ್ತಿ ಸರದಿ ಬಿಟ್ಟುಕೊಟ್ಟ. ಅಷ್ಟರಲ್ಲಿ ನರ್ಸ್ ಕೈಬೀಸಿ ಕರೆದಳು, ಇಬ್ಬರೂ ಒಳಗೋಡಿದರು. ಬಾಗಿಲು ಮುಚ್ಚಿಕೊಳ್ಳುವಾಗ, ಅಕ್ಕನ ಬ್ಯಾಗಿನೊಳಗೆ ತೋಪು ಢಂ ಎಂದದ್ದು ದರ್ಜಿಗೆ ಸ್ಪಷ್ಟವಾಗಿ ಕೇಳಿಸಿತು.